ರೈತರ ಕೈ ಉಪಕರಣಗಳು ಹಾಗೂ ಸಣ್ಣ ಯಂತ್ರೋಪಕರಣಗಳು: ಆಯ್ಕೆ, ಬಳಕೆ, ನಿರ್ವಹಣೆ ಮತ್ತು ಸುರಕ್ಷತೆ

ಪೀಠಿಕೆ

ಟ್ರ್ಯಾಕ್ಟರ್ ಅಥವಾ ಟಿಲ್ಲರ್ ಕೊಳ್ಳುವ ಮುನ್ನ ರೈತರು ಹತ್ತಾರು ಜನರನ್ನು ವಿಚಾರಿಸುತ್ತಾರೆ. ಆದರೆ ದಿನನಿತ್ಯ ಕೈಯಲ್ಲಿ ಹಿಡಿಯುವ ಕುಡುಗೋಲು, ಗುದ್ದಲಿ, ಸವರುವ ಕತ್ತರಿ, ಡ್ರಿಲ್‌ಗಳನ್ನು ಸಂತೆಯಲ್ಲಿ ಸಿಕ್ಕಂತೆ ತರುವುದು ರೂಢಿ. ಮೊಂಡಾದ ಕುಡುಗೋಲು ಕೊಯ್ಲಿನ ಸಮಯವನ್ನು ಹೆಚ್ಚಿಸುತ್ತದೆ, ಅಳತೆ ತಪ್ಪಿದ ಕಾವು ಸೊಂಟವನ್ನು ನೋಯಿಸುತ್ತದೆ, ಕವಚ ಕಳಚಿದ ಗ್ರೈಂಡರ್ ಒಂದು ಕ್ಷಣದಲ್ಲಿ ಬೆರಳನ್ನೋ ಕಣ್ಣನ್ನೋ ಕಸಿದುಕೊಳ್ಳುತ್ತದೆ.

ಉಪಕರಣದ ಯೋಗ್ಯತೆ ಅದರ ಬೆಲೆಯಿಂದ ನಿರ್ಧಾರವಾಗುವುದಿಲ್ಲ. ಅದು ಕೆಲಸಕ್ಕೆ ಹೊಂದಬೇಕು, ಹಿಡಿಯುವವರ ಕೈಗೆ ಹೊಂದಬೇಕು ಮತ್ತು ಅದರ ಅಲಗು ಹರಿತವಾಗಿರಬೇಕು. ಯಂತ್ರಚಾಲಿತ ಉಪಕರಣವಾದರೆ ನಾಲ್ಕನೆಯ ಅಂಶವೊಂದು ಸೇರುತ್ತದೆ: ಅದರ ರಕ್ಷಣಾ ಕವಚ ಸ್ವಸ್ಥಾನದಲ್ಲಿರಬೇಕು. ಈ ನಾಲ್ಕು ಅಂಶಗಳ ಆಧಾರದ ಮೇಲೆ ಹೊಲ, ತೋಟ ಮತ್ತು ಮನೆಯ ದುರಸ್ತಿ ಕೆಲಸಗಳಿಗೆ ಅಗತ್ಯವಾದ ಉಪಕರಣಗಳ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

• ಉಪಕರಣವನ್ನು ಕೈಯಲ್ಲಿ ಹಿಡಿದು, ಕೆಲಸ ಮಾಡುವ ಭಂಗಿಯಲ್ಲಿ ನಿಂತು ನೋಡಿರಿ. ಹಿಡಿಯ ದಪ್ಪ ಸುಮಾರು 3ರಿಂದ 4 ಸೆಂ.ಮೀ. ಇದ್ದರೆ ಹೆಚ್ಚಿನವರ ಮುಷ್ಟಿಗೆ ಸರಿಹೊಂದುತ್ತದೆ.
• ಕಳೆ ತೆಗೆಯುವುದು ಮತ್ತು ಕೊಯ್ಲು ಮಾಡುವುದು ಬಹುಪಾಲು ಮಹಿಳೆಯರ ಪಾಲಿನ ಕೆಲಸ. ಆದ್ದರಿಂದ ಆ ಉಪಕರಣಗಳನ್ನು ಕೊಳ್ಳುವಾಗ ಅವರೇ ಹಿಡಿದು ನೋಡಿ ಒಪ್ಪಬೇಕು. ಪುರುಷರ ಕೈಗೆ ಹಗುರವೆನಿಸಿದ್ದು ಅವರಿಗೆ ಭಾರವಾಗಬಹುದು.
• ವರ್ಷದಲ್ಲಿ ಎಷ್ಟು ದಿನ ಬಳಸುತ್ತೀರಿ ಎಂಬುದನ್ನು ಲೆಕ್ಕ ಹಾಕಿರಿ. ವರ್ಷಕ್ಕೆ ಎರಡು ಮೂರು ದಿನ ಮಾತ್ರ ಬೇಕಾಗುವ ಯಂತ್ರವನ್ನು ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಿಂದ ಪಡೆಯುವುದು ಅಥವಾ ನೆರೆಹೊರೆಯವರೊಡನೆ ಪಾಲಿನಲ್ಲಿ ಕೊಳ್ಳುವುದು ಲಾಭದಾಯಕ.
• ಬಿಡಿಭಾಗಗಳು ಮತ್ತು ದುರಸ್ತಿ ಸೌಲಭ್ಯ ತಾಲ್ಲೂಕು ಕೇಂದ್ರದಲ್ಲಾದರೂ ದೊರೆಯುವಂತಿರಬೇಕು. ಬಿಡಿಭಾಗ ಸಿಗದ ಅಗ್ಗದ ಯಂತ್ರ ಕೊನೆಗೆ ದುಬಾರಿಯಾಗುತ್ತದೆ.
• ಸಹಾಯಧನದಲ್ಲಿ ದೊರೆಯುವ ಉಪಕರಣಗಳ ವಿವರವನ್ನು ಖರೀದಿಗೆ ಮೊದಲೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಅ. ಕೈ ಉಪಕರಣಗಳು

1. ಕುಡುಗೋಲು: ನಯವಾದ ಅಲಗಿನ ಕುಡುಗೋಲನ್ನು ಬೀಸಿ ಕತ್ತರಿಸಬೇಕು ಮತ್ತು ಆಗಾಗ್ಗೆ ಮಸೆಯಬೇಕು. ಹಲ್ಲಿನ ಕುಡುಗೋಲನ್ನು ಗರಗಸದಂತೆ ತಮ್ಮತ್ತ ಎಳೆದು ಕತ್ತರಿಸಬೇಕು. ಭತ್ತ, ರಾಗಿ, ಗೋಧಿಯಂತಹ ತೆಳು ಕಾಂಡದ ಬೆಳೆಗಳಿಗೆ ಹಲ್ಲಿನ ಕುಡುಗೋಲು ಸೂಕ್ತ. ಶ್ರಮ ಕಡಿಮೆ, ಪದೇ ಪದೇ ಮಸೆಯುವ ಅಗತ್ಯವೂ ಇಲ್ಲ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯ ‘ನವೀನ್’ ಕುಡುಗೋಲು ಈ ಬಗೆಯದು. ಜೋಳ, ತೊಗರಿಯಂತಹ ದಪ್ಪ ಕಾಂಡದ ಬೆಳೆಗಳಿಗೆ ಭಾರವಾದ, ನಯ ಅಲಗಿನ ಕುಡುಗೋಲೇ ಉತ್ತಮ.

2. ಕಳೆ ತೆಗೆಯುವ ಉಪಕರಣಗಳು: ಕುರ್ಚಿಗಿ ಹಾಗೂ ಕುರ್ಪಿಗಳು ಗಿಡದ ಬುಡದ ಕಳೆಯನ್ನು ನಾಜೂಕಾಗಿ ತೆಗೆಯಲು ಅಗತ್ಯ. ಆದರೆ ಇಡೀ ಹೊಲವನ್ನು ಕುಕ್ಕುರುಗಾಲಿನಲ್ಲಿ ಕುಳಿತು ಕಳೆಯುವುದು ಮಂಡಿ ಮತ್ತು ಬೆನ್ನಿಗೆ ಹಾನಿಕರ. ಸಾಲಿನಲ್ಲಿ ಬಿತ್ತಿದ ರಾಗಿ, ಶೇಂಗಾ, ತರಕಾರಿ ಬೆಳೆಗಳಲ್ಲಿ ಸೈಕಲ್ ವೀಡರ್ ಎಂದು ರೂಢಿಯಲ್ಲಿರುವ ಚಕ್ರದ ಕೈ ಕುಂಟೆಯನ್ನು ನಿಂತೇ ಓಡಿಸಬಹುದು. ಮಣ್ಣು ಹದವಾಗಿದ್ದು, ಕಳೆ ಎರಡು ಮೂರು ಎಲೆಯ ಹಂತದಲ್ಲಿರುವಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ; ಕಳೆ ಬಲಿತ ಮೇಲೆ ಅಲಗು ಅದರ ಮೇಲೆ ಜಾರುತ್ತದೆ. ಸಾಲು ನಾಟಿ ಮಾಡಿದ ಭತ್ತದ ಗದ್ದೆಯಲ್ಲಿ ತೆಳುವಾಗಿ ನೀರು ನಿಲ್ಲಿಸಿ ಕೋನೋ ವೀಡರ್ ಬಳಸಬಹುದು.

3. ಗುದ್ದಲಿ, ಸನಿಕೆ, ಹಾರೆ: ಗುದ್ದಲಿಯ ಅಲಗು ಮತ್ತು ಕಾವಿನ ನಡುವಿನ ಕೋನ ಕಿರಿದಾದಷ್ಟೂ ಹೆಚ್ಚು ಬಾಗಬೇಕಾಗುತ್ತದೆ. ಬದು ಹಾಕುವುದು, ಕಾಲುವೆ ತೆಗೆಯುವುದು ಮುಂತಾದ ದೀರ್ಘ ಕೆಲಸಗಳಿಗೆ ಉದ್ದ ಕಾವಿನ ಗುದ್ದಲಿ ಇರಲಿ. ಗುದ್ದಲಿ, ಸನಿಕೆಗಳ ಬಾಯಿಯನ್ನು ಸಹ ಅರದಿಂದ ಹರಿತಗೊಳಿಸಬೇಕೆಂಬುದನ್ನು ಹಲವರು ಮರೆಯುತ್ತಾರೆ. ಹಾರೆಯ ಮೊನೆ ಮೊಂಡಾದಾಗ ಕುಲುಮೆಯಲ್ಲಿ ಕಾಯಿಸಿ, ಬಡಿದು, ಹದ ಹಾಕಿಸಬೇಕು.

4. ಸವರುವ ಕತ್ತರಿ ಮತ್ತು ಗರಗಸ: ಸಿಕೇಚರ್ ಎಂದು ಕರೆಯಲಾಗುವ ಸವರುವ ಕತ್ತರಿಯಲ್ಲಿ ಎರಡು ವಿಧಗಳಿವೆ. ಒಂದು ಅಲಗು ಇನ್ನೊಂದರ ಪಕ್ಕದಲ್ಲಿ ಜಾರುವ ಬೈಪಾಸ್ ವಿಧವು ಹಸಿ ರೆಂಬೆಗಳನ್ನು ಜಜ್ಜದೆ ಕತ್ತರಿಸುತ್ತದೆ. ಅಲಗು ಚಪ್ಪಟೆ ದಿಂಡಿನ ಮೇಲೆ ಬಂದು ಕೂರುವ ವಿಧವು ಒಣ ರೆಂಬೆಗಳಿಗೆ ಮಾತ್ರ ಸೂಕ್ತ. ದ್ರಾಕ್ಷಿ, ದಾಳಿಂಬೆ, ಕಾಫಿ, ಗುಲಾಬಿ ಬೆಳೆಗಾರರು ಬೈಪಾಸ್ ವಿಧವನ್ನೇ ಆರಿಸಬೇಕು. ಕತ್ತರಿಸುವಾಗ ತೆಳು ಅಲಗು ಗಿಡದಲ್ಲಿ ಉಳಿಯುವ ಭಾಗದ ಕಡೆಗಿರಲಿ. ಆಗ ಜಜ್ಜುವಿಕೆ ಬೇರ್ಪಡುವ ತುಂಡಿಗೆ ಸೀಮಿತವಾಗುತ್ತದೆ. ಹೆಬ್ಬೆರಳಿಗಿಂತ ದಪ್ಪನಾದ ರೆಂಬೆಗೆ ಕತ್ತರಿಯನ್ನು ಒತ್ತಾಯಿಸದೆ ಗರಗಸ ಬಳಸಿರಿ.

ದೊಡ್ಡ ಕೊಂಬೆಯನ್ನು ಒಂದೇ ಬಾರಿಗೆ ಮೇಲಿನಿಂದ ಕೊಯ್ದರೆ ಅದು ಮುರಿದು ಬೀಳುವಾಗ ಕಾಂಡದ ತೊಗಟೆಯನ್ನೂ ಸೀಳುತ್ತದೆ. ಮೊದಲು ಕಾಂಡದಿಂದ ಸುಮಾರು 30 ಸೆಂ.ಮೀ. ದೂರದಲ್ಲಿ ಕೊಂಬೆಯ ಅಡಿಯಿಂದ ಮೂರನೆಯ ಒಂದು ಭಾಗದಷ್ಟು ಕೊಯ್ಯಿರಿ. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದು ಕೊಂಬೆಯನ್ನು ಬೀಳಿಸಿರಿ. ಕೊನೆಗೆ ಉಳಿದ ಮೋಟನ್ನು, ಕೊಂಬೆಯ ಬುಡದಲ್ಲಿ ಉಬ್ಬಿರುವ ಉಂಗುರದಂತಹ ಭಾಗಕ್ಕೆ ಪೆಟ್ಟಾಗದಂತೆ ತೆಗೆಯಿರಿ.

ವಿಶೇಷ ಸೂಚನೆ: ದಾಳಿಂಬೆಯ ದುಂಡಾಣು ಅಂಗಮಾರಿ ರೋಗವು ಚಾಟನಿ ಕತ್ತರಿಯ ಮೂಲಕ ಗಿಡದಿಂದ ಗಿಡಕ್ಕೆ ಹರಡುತ್ತದೆ. ಪ್ರತಿ ಗಿಡದ ಚಾಟನಿಯ ನಂತರ ಕತ್ತರಿಯನ್ನು ಶೇ. 2.5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿರಿ. ಎರಡು ಕತ್ತರಿಗಳನ್ನು ಇಟ್ಟುಕೊಂಡರೆ ಒಂದು ದ್ರಾವಣದಲ್ಲಿರುವಾಗ ಇನ್ನೊಂದನ್ನು ಬಳಸಬಹುದು. ಈ ದ್ರಾವಣವು ಉಕ್ಕಿಗೆ ತುಕ್ಕು ಹಿಡಿಸುವುದರಿಂದ ದಿನದ ಕೊನೆಗೆ ಕತ್ತರಿಯನ್ನು ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿಡಬೇಕು.

5. ದೋಟಿ: ಅಡಿಕೆ ಮತ್ತು ತೆಂಗಿನ ತೋಟಗಳಲ್ಲಿ ಬಿದಿರಿನ ಬದಲು ಅಲ್ಯೂಮಿನಿಯಂ ಹಾಗೂ ಕಾರ್ಬನ್ ಫೈಬರ್ ದೋಟಿಗಳ ಬಳಕೆ ಹೆಚ್ಚುತ್ತಿದೆ. ಕಾರ್ಬನ್ ಫೈಬರ್ ಲೋಹವಲ್ಲವಾದ್ದರಿಂದ ಅಪಾಯವಿಲ್ಲವೆಂದು ಭಾವಿಸುವುದು ತಪ್ಪು. ಅದರಲ್ಲಿಯೂ ವಿದ್ಯುತ್ ಹರಿಯುತ್ತದೆ. ಒದ್ದೆಯಾದ ಬಿದಿರೂ ಸುರಕ್ಷಿತವಲ್ಲ. ತೋಟದ ಮೇಲೆ ಅಥವಾ ಅಂಚಿನಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ, ಕೆಲಸ ಆರಂಭಿಸುವ ಮುನ್ನ ಅದನ್ನು ಗುರುತಿಸಿ, ಪೂರ್ಣ ಚಾಚಿದ ದೋಟಿ ಯಾವ ದಿಕ್ಕಿಗೆ ವಾಲಿ ಬಿದ್ದರೂ ತಂತಿಗೆ ತಾಗದಷ್ಟು ದೂರದಲ್ಲಿ ನಿಲ್ಲಿರಿ. ತಂತಿಯ ಸಮೀಪದ ಮರಗಳಿಗೆ ವಿದ್ಯುತ್ ಸರಬರಾಜು ನಿಲ್ಲಿಸಿದ ನಂತರವೇ ಕೈ ಹಾಕಬೇಕು. ಇದಕ್ಕಾಗಿ ನಿಮ್ಮ ವಿದ್ಯುತ್ ಸರಬರಾಜು ಕಂಪನಿಯ ಶಾಖಾ ಕಚೇರಿಯನ್ನು ಅಥವಾ 1912 ಸಹಾಯವಾಣಿಯನ್ನು ಸಂಪರ್ಕಿಸಿರಿ.

6. ಮನೆಯ ದುರಸ್ತಿ ಪೆಟ್ಟಿಗೆ: ಪಂಪ್‌ಸೆಟ್, ಹನಿ ನೀರಾವರಿ, ಕೊಟ್ಟಿಗೆ ಮತ್ತು ಬೇಲಿಯ ಸಣ್ಣಪುಟ್ಟ ದುರಸ್ತಿಗೆ ಕೆಳಗಿನವು ಸಾಕಾಗುತ್ತವೆ.

• ಸುಮಾರು 500 ಗ್ರಾಂ ತೂಕದ ಸುತ್ತಿಗೆ, ಒಂದು ಉಳಿ, ಅಳತೆ ಟೇಪು, ರಸಮಟ್ಟ
• ತಂತಿ ಕತ್ತರಿಸುವ ಇಕ್ಕಳ ಮತ್ತು ಪೈಪ್ ರೆಂಚ್
• ಸ್ಪ್ಯಾನರ್‌ಗಳ ಒಂದು ಜೊತೆ. ಬಿಗಿದು ಕುಳಿತ ನಟ್ಟಿಗೆ ಬಾಯಿ ತೆರೆದ ಸ್ಪ್ಯಾನರ್‌ಗಿಂತ ಉಂಗುರದ ಸ್ಪ್ಯಾನರ್ ಉತ್ತಮ. ಅದು ಜಾರುವುದಿಲ್ಲ, ನಟ್ಟಿನ ಮೂಲೆಗಳೂ ಸವೆಯುವುದಿಲ್ಲ.
• ಹ್ಯಾಕ್ಸಾ ಗರಗಸ. ದಪ್ಪ ಲೋಹಕ್ಕೆ ಇಂಚಿಗೆ 18 ಹಲ್ಲು, ತೆಳು ಕೊಳವೆಗೆ 24 ಅಥವಾ 32 ಹಲ್ಲಿನ ಅಲಗು ಬಳಸಿರಿ. ಹಲ್ಲುಗಳ ಮುಖ ಮುಂದಕ್ಕಿರಬೇಕು.
• ಹನಿ ನೀರಾವರಿಯ ಪಂಚ್, ಜೋಡಣೆ ಬಿಡಿಭಾಗಗಳು ಮತ್ತು ಟೆಫ್ಲಾನ್ ಟೇಪು
• ಲೈನ್ ಟೆಸ್ಟರ್. ಟೆಸ್ಟರ್ ಬೆಳಗದಿರುವುದೊಂದೇ ವಿದ್ಯುತ್ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಮೊದಲು ವಿದ್ಯುತ್ ಇರುವುದು ಖಚಿತವಾದ ಕಡೆ ಪರೀಕ್ಷಿಸಿ, ಮುಖ್ಯ ಸ್ವಿಚ್ ಆರಿಸಿದ ನಂತರವೇ ಕೆಲಸ ಮಾಡಿರಿ.

ಆ. ಕಾವು ಮತ್ತು ಹರಿತ

ಕಾವು ಹಾಕುವುದು: ಕೊಡಲಿ, ಗುದ್ದಲಿ, ಸುತ್ತಿಗೆಗಳ ಕಾವಿಗೆ ಗಟ್ಟಿಯಾಗಿದ್ದೂ ಬಾಗುವ ಗುಣವಿರುವ ಮರ ಬೇಕು. ನಮ್ಮ ರಾಜ್ಯದಲ್ಲಿ ದಿಂಡಿಗ, ತಡಸಲು, ಜಾಲಿ ಮರಗಳು ಇದಕ್ಕೆ ಹೆಸರಾಗಿವೆ. ಮರದ ಎಳೆಗಳು ಕಾವಿನ ಉದ್ದಕ್ಕೂ ನೇರವಾಗಿ ಸಾಗಿರಬೇಕು, ಗಂಟುಗಳಿರಬಾರದು, ಹಸಿ ಮರ ಬಳಸಬಾರದು. ಸಡಿಲವಾದ ಕಾವನ್ನು ನೀರಿನಲ್ಲಿ ನೆನೆಹಾಕುವ ರೂಢಿಯಿದೆ. ನೆನೆದ ಮರ ಉಬ್ಬಿ ಅಂದಿಗೆ ಬಿಗಿಯಾದರೂ, ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ತಲೆ ಕಳಚಿ ಹಾರಿದ ಕೊಡಲಿ ಎದುರಿನಲ್ಲಿರುವವರ ಜೀವಕ್ಕೇ ಅಪಾಯ. ಹೊಸದಾಗಿ ಬೆಣೆ ಹೊಡೆಯುವುದು ಅಥವಾ ಕಾವನ್ನೇ ಬದಲಿಸುವುದು ಸರಿಯಾದ ಕ್ರಮ. ವರ್ಷಕ್ಕೊಮ್ಮೆ ಕಾವಿಗೆ ಅಗಸೆ ಎಣ್ಣೆ ಸವರಿದರೆ ಅದು ಬಿರಿಯುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಬಯಲಿನಲ್ಲಿ ಹರವಿ ಒಣಗಿಸಿರಿ.

ಹರಿತಗೊಳಿಸುವುದು: ಹರಿತದ ಕೋನವನ್ನು ಅಳೆಯಲು ವಿಶೇಷ ಸಾಧನ ಬೇಕಿಲ್ಲ. ಕಾಗದದ ಒಂದು ಮೂಲೆ 90 ಡಿಗ್ರಿ ಇರುತ್ತದೆ. ಅದನ್ನು ಒಮ್ಮೆ ಅರ್ಧಕ್ಕೆ ಮಡಿಸಿದರೆ 45 ಡಿಗ್ರಿ. ಇದು ಗುದ್ದಲಿ ಮತ್ತು ಸನಿಕೆಗೆ. ಮತ್ತೊಮ್ಮೆ ಮಡಿಸಿದರೆ ಸುಮಾರು 22 ಡಿಗ್ರಿ. ಇದು ಮಚ್ಚು ಮತ್ತು ನಯ ಅಲಗಿನ ಕುಡುಗೋಲಿಗೆ. ಕೊಡಲಿಗೆ ಇದಕ್ಕಿಂತ ತುಸು ಹೆಚ್ಚು, ಅಂದರೆ 25ರಿಂದ 30 ಡಿಗ್ರಿ ಇರಲಿ.

ಉಪಕರಣವನ್ನು ವೈಸ್‌ನಲ್ಲಿ ಭದ್ರವಾಗಿ ಹಿಡಿಸಿ, ಚಪ್ಪಟೆ ಅರವನ್ನು ಮುಂದಕ್ಕೆ ಮಾತ್ರ ಒತ್ತಿ ಉಜ್ಜಿರಿ. ಹಿಂದಕ್ಕೆ ತರುವಾಗ ಎತ್ತಿರಿ. ಹಿಂದಕ್ಕೂ ಉಜ್ಜಿದರೆ ಅರದ ಹಲ್ಲು ಬೇಗ ಸವೆಯುತ್ತದೆ. ಅಲಗಿನ ಮತ್ತೊಂದು ಮಗ್ಗುಲಲ್ಲಿ ಉದ್ದಕ್ಕೂ ನವಿರಾದ ಒರಟು ಅಂಚು ಮೂಡಿದಾಗ ಅರದ ಕೆಲಸ ಮುಗಿಯಿತು. ಬಳಿಕ ಸಾಣೆಕಲ್ಲಿನಿಂದ ಆ ಅಂಚನ್ನು ತೆಗೆಯಿರಿ. ಹರಿತವನ್ನು ಬೆರಳಿನಿಂದಲ್ಲ, ಕಾಗದವನ್ನೋ ಹಸಿ ಎಲೆಯನ್ನೋ ಕತ್ತರಿಸಿ ಪರೀಕ್ಷಿಸಿರಿ.

ವಿದ್ಯುತ್ ಗ್ರೈಂಡರ್‌ನಲ್ಲಿ ಮಸೆಯುವಾಗ ಅಲಗು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಕೆಟ್ಟಿದೆ ಎಂದರ್ಥ. ಆ ಭಾಗ ಮೆತ್ತಗಾಗಿ ಹರಿತ ನಿಲ್ಲುವುದಿಲ್ಲ. ಹಗುರವಾಗಿ ತಾಗಿಸುತ್ತ, ಆಗಾಗ್ಗೆ ನೀರಿನಲ್ಲಿ ಅದ್ದುತ್ತ ಮಸೆಯಬೇಕು.

ಇ. ಯಂತ್ರಚಾಲಿತ ಸಣ್ಣ ಉಪಕರಣಗಳು

1. ಡ್ರಿಲ್: ವಿದ್ಯುತ್ ಸಂಪರ್ಕವಿಲ್ಲದ ಹೊಲದ ಕೆಲಸಕ್ಕೆ ಬ್ಯಾಟರಿ ಡ್ರಿಲ್ ಅನುಕೂಲ. ಗೋಡೆ ಮತ್ತು ಕಾಂಕ್ರೀಟಿಗೆ ಸುತ್ತಿಗೆಯ ಹೊಡೆತ ನೀಡುವ ಹ್ಯಾಮರ್ ಡ್ರಿಲ್ ಹಾಗೂ ಅದರದೇ ಬಿಟ್ಟು ಬೇಕು. ಲೋಹ ಮತ್ತು ಮರಕ್ಕೆ ಹ್ಯಾಮರ್ ಕ್ರಿಯೆಯನ್ನು ನಿಲ್ಲಿಸಿ ಬಳಸಿರಿ. ಬಿಟ್ಟು ದಪ್ಪವಾದಷ್ಟೂ, ಲೋಹ ಗಟ್ಟಿಯಾದಷ್ಟೂ ವೇಗ ಕಡಿಮೆ ಇರಬೇಕು. ಸಣ್ಣ ತಗಡನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ. ಬಿಟ್ಟು ಸಿಕ್ಕಿಕೊಂಡರೆ ತಗಡು ಗಿರ್ರನೆ ತಿರುಗಿ ಕೈ ಕುಯ್ಯುತ್ತದೆ. ಡ್ರಿಲ್ ಬಳಸುವಾಗ ಕೈಗವಸು ಧರಿಸಬಾರದು, ಅದು ಬಿಟ್ಟಿಗೆ ಸುತ್ತಿಕೊಳ್ಳುತ್ತದೆ.

2. ಆಂಗಲ್ ಗ್ರೈಂಡರ್: ಕಬ್ಬಿಣ ಕತ್ತರಿಸಲು ಮತ್ತು ಉಜ್ಜಲು 100 ಮಿ.ಮೀ. ಚಕ್ರದ ಗ್ರೈಂಡರ್ ಸಾಮಾನ್ಯವಾಗಿ ಬಳಕೆಯಲ್ಲಿದೆ. ಇದರ ಚಕ್ರ ನಿಮಿಷಕ್ಕೆ 10,000ಕ್ಕೂ ಹೆಚ್ಚು ಸುತ್ತು ತಿರುಗುವುದರಿಂದ ಕೆಳಗಿನ ನಿಯಮಗಳಲ್ಲಿ ಯಾವ ವಿನಾಯಿತಿಯೂ ಇಲ್ಲ.

• ಚಕ್ರದ ಮೇಲೆ ಮುದ್ರಿಸಿದ ಗರಿಷ್ಠ ವೇಗವು ಯಂತ್ರದ ವೇಗಕ್ಕೆ ಸಮ ಅಥವಾ ಅದಕ್ಕಿಂತ ಹೆಚ್ಚಿರಬೇಕು.
• ದೊಡ್ಡ ಚಕ್ರ ಕೂರಿಸುವುದಕ್ಕಾಗಿ ರಕ್ಷಣಾ ಕವಚವನ್ನು ಕಳಚಬಾರದು.
• ಮರ ಕೊಯ್ಯುವ ಹಲ್ಲಿನ ಅಲಗನ್ನು ಗ್ರೈಂಡರ್‌ಗೆ ಹಾಕಬಾರದು. ಅದು ಮರದಲ್ಲಿ ಸಿಕ್ಕಿದೊಡನೆ ಯಂತ್ರ ಕೈಯಿಂದ ಚಿಮ್ಮಿ ಮೈಮೇಲೆ ಬರುತ್ತದೆ.
• ಕತ್ತರಿಸುವ ತೆಳು ಚಕ್ರದ ಮಗ್ಗುಲಿನಿಂದ ಉಜ್ಜಬಾರದು; ಬಿರುಕು ಬಿಟ್ಟ ಅಥವಾ ನೆನೆದ ಚಕ್ರ ಬಳಸಬಾರದು. ಚಕ್ರದ ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ದಿನಾಂಕವಿದ್ದರೆ ನೋಡಿ ಬಳಸಿರಿ.
• ಕಣ್ಣಿನ ರಕ್ಷಣೆಗೆ ಕನ್ನಡಕ ಕಡ್ಡಾಯ. ಕಿಡಿಗಳು ಹಾರುವ ದಿಕ್ಕಿನಲ್ಲಿ ಹುಲ್ಲಿನ ಬಣವೆ, ಮೇವು, ಡೀಸೆಲ್ ಇರಬಾರದು.

3. ಕಳೆ ಕೊಚ್ಚುವ ಯಂತ್ರ: ಬ್ರಷ್ ಕಟರ್ ಕಾಫಿ, ಅಡಿಕೆ, ತೆಂಗು ಹಾಗೂ ಹಣ್ಣಿನ ತೋಟಗಳಲ್ಲಿ ಉಪಯುಕ್ತ. ಎಳೆಯ ಹುಲ್ಲಿಗೆ ಮತ್ತು ಗಿಡದ ಬುಡದ ಸಮೀಪಕ್ಕೆ ನೈಲಾನ್ ದಾರ, ಬಲಿತ ಹುಲ್ಲಿಗೆ ಮೂರು ಹಲ್ಲಿನ ಅಲಗು, ಪೊದೆಗಳಿಗೆ ಹೆಚ್ಚು ಹಲ್ಲಿನ ವೃತ್ತಾಕಾರದ ಅಲಗು ಬಳಸಿರಿ. ನೈಲಾನ್ ದಾರವೂ ಎಳೆಯ ಗಿಡದ ತೊಗಟೆಯನ್ನು ಸುಲಿಯಬಲ್ಲದು, ಆದ್ದರಿಂದ ಬುಡದ ಸುತ್ತಲಿನ ಕಳೆಯನ್ನು ಕೈಯಿಂದಲೇ ತೆಗೆಯುವುದು ಕ್ಷೇಮ.

ಅಲಗು ಮೇಲಿನಿಂದ ನೋಡಿದಾಗ ಎಡಸುತ್ತಾಗಿ ತಿರುಗುತ್ತದೆ. ಗಡಿಯಾರದ ಮುಖಕ್ಕೆ ಹೋಲಿಸಿದರೆ 12ರಿಂದ 3 ಗಂಟೆಯ ನಡುವಿನ ಭಾಗ ಗಟ್ಟಿ ಕಾಂಡಕ್ಕೋ ಕಲ್ಲಿಗೋ ತಾಗಿದರೆ ಯಂತ್ರ ರಭಸದಿಂದ ಹಿಮ್ಮೆಟ್ಟುತ್ತದೆ. ಆದ್ದರಿಂದ ಅಲಗಿನ ಎಡ ಭಾಗದಿಂದ, ಬಲದಿಂದ ಎಡಕ್ಕೆ ಬೀಸುತ್ತ ಕತ್ತರಿಸಬೇಕು. ಇತರರು ಕನಿಷ್ಠ 15 ಮೀಟರ್ ದೂರದಲ್ಲಿರಬೇಕು. ಸಿಡಿದ ಕಲ್ಲು ಅಷ್ಟು ದೂರ ಹಾರಬಲ್ಲದು. ಕಳೆ ಹೆಕ್ಕುವವರನ್ನು ಯಂತ್ರದ ಬೆನ್ನ ಹಿಂದೆಯೇ ನಡೆಸುವ ರೂಢಿಯನ್ನು ಕೈಬಿಡಿ.

ಎರಡು ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲಿನೊಡನೆ ಟೂ-ಟಿ ಎಣ್ಣೆ ಬೆರೆಸಬೇಕು. ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿ.ಲೀ. ಎಣ್ಣೆ ಬೇಕು. ಎಣ್ಣೆಯಿಲ್ಲದೆ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನಾಲ್ಕು ಸ್ಟ್ರೋಕ್ ಎಂಜಿನ್‌ಗೆ ಈ ಮಿಶ್ರಣ ಹಾಕಬಾರದು. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುವುದರಿಂದ ಮಿಶ್ರಣವನ್ನು ತಿಂಗಳಿಗೆ ಸಾಕಾಗುವಷ್ಟೇ ಮಾಡಿಕೊಳ್ಳಿರಿ. ಹಂಗಾಮು ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿರಿ.

4. ಚೈನ್ ಸಾ: ಸರಪಳಿ ಹರಿತವಾಗಿದ್ದರೆ ಮರದ ಚಕ್ಕೆಗಳು ಉದುರುತ್ತವೆ, ನುಣ್ಣನೆಯ ಪುಡಿ ಉದುರತೊಡಗಿದರೆ ಮೊಂಡಾಗಿದೆ ಎಂದರ್ಥ. ಸರಪಳಿಯ ಅಳತೆಗೆ ತಕ್ಕ ದುಂಡು ಅರವನ್ನೇ ಬಳಸಿರಿ. ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಮುಖದತ್ತ ಚಿಮ್ಮುತ್ತದೆ. ಸರಪಳಿ ಬ್ರೇಕ್ ಕೆಲಸ ಮಾಡುವುದನ್ನು ಪ್ರತಿದಿನ ಪರೀಕ್ಷಿಸಿರಿ. ಭುಜದ ಮಟ್ಟಕ್ಕಿಂತ ಮೇಲೆ ಎತ್ತಿ, ಏಣಿಯ ಮೇಲೆ ನಿಂತು ಅಥವಾ ಒಬ್ಬರೇ ಇರುವಾಗ ಬಳಸಬೇಡಿ.

5. ಮೇವು ಕತ್ತರಿಸುವ ಯಂತ್ರ: ಮೇವು ಸಿಕ್ಕಿಕೊಂಡಾಗ ಕೈಯಿಂದ ತಳ್ಳಲು ಹೋಗಿ ಬೆರಳು ಕಳೆದುಕೊಳ್ಳುವುದೇ ಇಲ್ಲಿನ ಮುಖ್ಯ ಅಪಾಯ. ಹಿಂಬದಿಗೆ ತಿರುಗಿಸುವ ಗೇರ್ ಇರುವ, ರೋಲರ್‌ಗೆ ಕೈ ನಿಲುಕದಷ್ಟು ಉದ್ದದ ಮೇವಿನ ದೋಣಿಯಿರುವ, ಅಲಗಿನ ಚಕ್ರ ಮತ್ತು ಬೆಲ್ಟಿಗೆ ಕವಚವಿರುವ ಯಂತ್ರವನ್ನೇ ಆರಿಸಿರಿ. ಸ್ವಿಚ್ ಆಪರೇಟರ್ ನಿಂತಲ್ಲಿಂದಲೇ ಕೈಗೆಟಕಬೇಕು. ಸೀರೆಯ ಸೆರಗು, ಟವೆಲ್, ಲುಂಗಿಯ ಅಂಚು, ಬಿಚ್ಚಿದ ಜಡೆ ಯಂತ್ರದ ಬಳಿ ಇರಬಾರದು. ಮಕ್ಕಳು ಹತ್ತಿರ ಬರದಂತೆ ನೋಡಿಕೊಳ್ಳಬೇಕು. ಕೆಲಸವಿಲ್ಲದಾಗ ಕೈಯಿಂದ ತಿರುಗುವ ಯಂತ್ರಕ್ಕೂ ಬೀಗ ಹಾಕಿರಿ.

ಈ. ವಿದ್ಯುತ್ ಸುರಕ್ಷತೆ

• ಉಪಕರಣಗಳಿಗೆ ವಿದ್ಯುತ್ ನೀಡುವ ಸಾಲಿಗೆ 30 ಮಿಲಿ ಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಅಳವಡಿಸಿರಿ. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿರಿ.
• ಲೋಹದ ಮೈಯುಳ್ಳ ಉಪಕರಣಕ್ಕೆ ಮೂರು ಪಿನ್ನಿನ ಪ್ಲಗ್ ಮತ್ತು ಅರ್ಥಿಂಗ್ ಅಗತ್ಯ. ಚೌಕದೊಳಗೆ ಚೌಕದ ಗುರುತು ಇರುವ ಉಪಕರಣಗಳು ಇಮ್ಮಡಿ ನಿರೋಧಕ ಹೊದಿಕೆ ಹೊಂದಿದ್ದು, ಅವಕ್ಕೆ ಅರ್ಥಿಂಗ್ ತಂತಿ ಇರುವುದಿಲ್ಲ.
• ಬರಿ ತಂತಿಯ ತುದಿಗಳನ್ನು ಕಡ್ಡಿ ಸಿಕ್ಕಿಸಿ ಸಾಕೆಟ್‌ಗೆ ಜೋಡಿಸುವುದನ್ನು ಸಂಪೂರ್ಣ ನಿಲ್ಲಿಸಿರಿ.
• ಸುರುಳಿ ಸುತ್ತಿದ ಉದ್ದ ತಂತಿಯನ್ನು ಪೂರ್ತಿ ಬಿಚ್ಚಿ ಬಳಸಿರಿ. ಸುರುಳಿಯಲ್ಲಿಯೇ ಇದ್ದರೆ ಬಿಸಿಯಾಗಿ ಹೊದಿಕೆ ಕರಗುತ್ತದೆ.
• ಅಲಗು, ಬಿಟ್ಟು, ಚಕ್ರ ಬದಲಿಸುವ ಮುನ್ನ ಪ್ಲಗ್ ಕಿತ್ತಿಡಿರಿ ಅಥವಾ ಬ್ಯಾಟರಿ ಬೇರ್ಪಡಿಸಿರಿ. ಕೆಲಸದ ನಡುವೆ ವಿದ್ಯುತ್ ಹೋದರೆ ಮೊದಲು ಸ್ವಿಚ್ ಆರಿಸಿರಿ; ವಿದ್ಯುತ್ ಮರಳಿದೊಡನೆ ಯಂತ್ರ ತಾನಾಗಿ ಓಡತೊಡಗಿದರೆ ಅನಾಹುತವಾಗುತ್ತದೆ.

ಉ. ಗಾಯವಾದಾಗ ತಕ್ಷಣದ ಕ್ರಮಗಳು

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಾಯವನ್ನು ಬಿಡದೆ ಒತ್ತಿ ಹಿಡಿಯಿರಿ. ಕಾಫಿ ಪುಡಿ, ಅರಿಸಿನ, ಸುಣ್ಣ, ಗ್ರೀಸ್ ಹಾಕಬೇಡಿ. ಬೆರಳು ತುಂಡಾಗಿದ್ದರೆ ಅದನ್ನು ತೇವಗೊಳಿಸಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಗಾಯಾಳುವಿನೊಡನೆಯೇ ಒಯ್ಯಿರಿ. ತುಂಡು ನೇರವಾಗಿ ಮಂಜುಗಡ್ಡೆಗೆ ತಾಗಬಾರದು. ಕಣ್ಣಿಗೆ ಚೂರು ನೆಟ್ಟಿದ್ದರೆ ಉಜ್ಜದೆ, ಕೀಳದೆ, ಹಗುರವಾಗಿ ಮುಚ್ಚಿ ನೇತ್ರ ವೈದ್ಯರಲ್ಲಿಗೆ ಕರೆದೊಯ್ಯಿರಿ. ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡಿರಿ. ಗಾಯ ಚಿಕ್ಕದಾದರೂ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿರಿ.

ಊ. ವಾರ್ಷಿಕ ನಿರ್ವಹಣೆ

ಆಯುಧ ಪೂಜೆಯ ಮುನ್ನಾದಿನ ಪ್ರತಿ ಮನೆಯಲ್ಲೂ ಉಪಕರಣಗಳನ್ನು ಹೊರತೆಗೆದು ತೊಳೆಯುವ ಸಂಪ್ರದಾಯವಿದೆ. ಅದೇ ದಿನವನ್ನು ತಪಾಸಣೆಯ ದಿನವಾಗಿಸಿಕೊಳ್ಳಿರಿ. ಅಲಗುಗಳ ತುಕ್ಕು ತೆಗೆದು ಹರಿತಗೊಳಿಸಿ ಎಣ್ಣೆ ಸವರಿರಿ. ಕಾವುಗಳ ಬಿರುಕು ಮತ್ತು ಸಡಿಲಿಕೆ ನೋಡಿರಿ. ತಂತಿಗಳ ಹೊದಿಕೆ, ಪ್ಲಗ್, ಕವಚಗಳನ್ನು ಪರೀಕ್ಷಿಸಿರಿ. ಕುಂಕುಮ ಹಚ್ಚುವ ಮುನ್ನ ಗ್ರೈಂಡರ್‌ನ ಕವಚ ಅದರ ಸ್ಥಾನಕ್ಕೆ ಮರಳಿರಲಿ. ಇದೇ ತಪಾಸಣೆಯನ್ನು ಮುಂಗಾರಿಗೆ ಮೊದಲು ಇನ್ನೊಮ್ಮೆ ಮಾಡಿರಿ. ಉಪಕರಣಗಳನ್ನು ರಸಗೊಬ್ಬರದ ಚೀಲಗಳೊಡನೆ ಇಡಬೇಡಿ. ಗೊಬ್ಬರದ ಲವಣ ಮತ್ತು ತೇವ ಉಕ್ಕನ್ನು ಬಹುಬೇಗ ತಿನ್ನುತ್ತವೆ.

ವಿಸ್ತರಣಾ ಕಾರ್ಯಕರ್ತರಿಗೆ ಸಲಹೆ

ಕ್ಷೇತ್ರೋತ್ಸವ ಮತ್ತು ತರಬೇತಿಗಳಲ್ಲಿ ಹೊಸ ಯಂತ್ರದ ಪ್ರಾತ್ಯಕ್ಷಿಕೆಯೊಡನೆ ಅರ್ಧ ಗಂಟೆಯ ಹರಿತಗೊಳಿಸುವ ಪ್ರಾತ್ಯಕ್ಷಿಕೆಯನ್ನೂ ಏರ್ಪಡಿಸಬೇಕು. ರೈತರು ತಮ್ಮ ಕುಡುಗೋಲು, ಮಚ್ಚುಗಳನ್ನೇ ತಂದು ಮಸೆದುಕೊಂಡು ಹೋಗುವಂತಾದರೆ ಪರಿಣಾಮ ಮರುದಿನವೇ ಹೊಲದಲ್ಲಿ ಕಾಣುತ್ತದೆ. ಪ್ರಾತ್ಯಕ್ಷಿಕೆ ನೀಡುವವರು ತಾವೇ ಕನ್ನಡಕ ಧರಿಸದೆ, ಕವಚ ಕಳಚಿದ ಯಂತ್ರ ಓಡಿಸಿದರೆ ರೈತರು ಕಲಿಯುವುದೂ ಅದನ್ನೇ. ಕಳೆ ಉಪಕರಣಗಳ ಪ್ರಾತ್ಯಕ್ಷಿಕೆಗೆ ಮಹಿಳೆಯರನ್ನು ಮೊದಲು ಆಹ್ವಾನಿಸಿರಿ.

ಹೆಚ್ಚಿನ ಮಾಹಿತಿಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು, ಇಲ್ಲವೇ ಕಿಸಾನ್ ಕಾಲ್ ಸೆಂಟರಿನ 1800-180-1551 ಶುಲ್ಕರಹಿತ ಸಂಖ್ಯೆಯನ್ನು ಸಂಪರ್ಕಿಸಬಹುದು.